ನಿವೃತ್ತಿಯ ನಂತರ ಕಾರು, ಪ್ರವಾಸ: ಖರ್ಚಿನ ಲೆಕ್ಕ ಹಾಕುವುದು ಹೇಗೆ?

ರಾಜ್ಯ ಸರಕಾರಿ ನೌಕರರು 60ನೇ ವಯಸ್ಸಿಗೆ ನಿವೃತ್ತರಾಗುತ್ತಾರೆ. ಗ್ರಾಚ್ಯುಟಿ, ರಜೆ ನಗದೀಕರಣ ಮತ್ತು ಪಿಂಚಣಿ ಪರಿವರ್ತನೆಯ ಹಣ ಹೆಚ್ಚುಕಡಿಮೆ ಒಂದೇ ಕಾಲಕ್ಕೆ ಕೈಸೇರುತ್ತದೆ. ಜೀವಮಾನದಲ್ಲಿ ಅಷ್ಟು ದೊಡ್ಡ ಮೊತ್ತವನ್ನು ಒಟ್ಟಿಗೆ ಕಾಣದ ಅನೇಕರು ಮೊದಲು ಮಾಡುವ ಕೆಲಸವೆಂದರೆ ಹೊಸ ಕಾರು ಕೊಳ್ಳುವುದು. ಬೀಳ್ಕೊಡುಗೆ ಸಮಾರಂಭದ ಹಾರ ಬಾಡುವ ಮೊದಲೇ ಷೋರೂಂಗೆ ಮುಂಗಡ ಸಂದಾಯವಾಗಿರುತ್ತದೆ. ಈ ನಿರ್ಧಾರ ಸರಿಯೋ ತಪ್ಪೋ ಎಂಬುದು ಪೆಟ್ರೋಲ್ ದರದಿಂದ ತೀರ್ಮಾನವಾಗುವ ವಿಷಯವಲ್ಲ. ನಿಂತ ಕಾರಿನ ಖರ್ಚೆಷ್ಟು ಎಂಬ ಪ್ರಶ್ನೆಗೆ ದೊರೆಯುವ ಉತ್ತರದಿಂದ ಅದು ತೀರ್ಮಾನವಾಗುತ್ತದೆ.

ನಿಂತ ಕಾರಿನ ಖರ್ಚು

ಷೋರೂಂ ಬೆಲೆ 8 ಲಕ್ಷ ರೂ. ಇರುವ ಒಂದು ಕಾರನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕರ್ನಾಟಕದಲ್ಲಿ 5ರಿಂದ 10 ಲಕ್ಷ ರೂ. ಬೆಲೆಯ ಪೆಟ್ರೋಲ್ ಕಾರಿಗೆ ಆಜೀವ ತೆರಿಗೆ ಶೇ. 14, ಅದರ ಮೇಲೆ ಶೇ. 11ರಷ್ಟು ಸೆಸ್. ಇದೇ 1.24 ಲಕ್ಷ ರೂ. ದಾಟುತ್ತದೆ. ವಿಮೆ, ನೋಂದಣಿ ಎಲ್ಲ ಸೇರಿ ಕಾರು ರಸ್ತೆಗಿಳಿಯುವ ಹೊತ್ತಿಗೆ ಹತ್ತಿರ ಹತ್ತಿರ 10 ಲಕ್ಷ ರೂ. ಆಗುತ್ತದೆ.

ಇದೇ 10 ಲಕ್ಷವನ್ನು ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಇಟ್ಟಿದ್ದರೆ? 2023ರ ಏಪ್ರಿಲ್‌ನಲ್ಲಿ ಈ ಯೋಜನೆಯ ಬಡ್ಡಿ ಶೇ. 8.2ಕ್ಕೂ ಠೇವಣಿಯ ಮಿತಿ 30 ಲಕ್ಷ ರೂಪಾಯಿಗೂ ಏರಿತು. ಸರಕಾರ ದರವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುತ್ತದೆಯಾದರೂ ಠೇವಣಿ ಇಟ್ಟ ದಿನದ ದರವೇ ಐದು ವರ್ಷ ಸಲ್ಲುತ್ತದೆ. ಶೇ. 8.2ರ ಲೆಕ್ಕದಲ್ಲಿ ವರ್ಷಕ್ಕೆ 82,000 ರೂ., ಅಂದರೆ ತಿಂಗಳಿಗೆ ಸುಮಾರು 6,800 ರೂ. ಬಡ್ಡಿ. ಕಾರು ಕೊಂಡವರು ಈ ಆದಾಯವನ್ನು ಕೈಬಿಟ್ಟಂತೆ.

ಇನ್ನು ಸವಕಳಿ. ವಿಮಾ ಕಂಪನಿಗಳು ಅನುಸರಿಸುತ್ತ ಬಂದಿರುವ ಪಟ್ಟಿಯ ಪ್ರಕಾರ ನಾಲ್ಕು ವರ್ಷ ದಾಟಿದ ಕಾರಿನ ಬೆಲೆಯಲ್ಲಿ ಶೇ. 50ನ್ನು ಕಳೆಯಲಾಗುತ್ತದೆ. ಕಟ್ಟಿದ ತೆರಿಗೆಯಂತೂ ಮರಳಿ ಬರುವುದಿಲ್ಲ. ಹೀಗೆ 10 ಲಕ್ಷ ಸುರಿದ ವಾಹನ ಐದನೇ ವರ್ಷದ ಕೊನೆಗೆ 4 ಲಕ್ಷದ ಸ್ವತ್ತಾಗಿ ಉಳಿಯುತ್ತದೆ. ಕರಗಿದ 6 ಲಕ್ಷವನ್ನು ಅರವತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 10,000 ರೂ.

ಎರಡನ್ನೂ ಕೂಡಿಸಿದರೆ, ಗೇಟಿನೊಳಗೆ ಹೊದಿಕೆ ಹೊದ್ದು ನಿಂತ ಕಾರು ಮಾಸಿಕ 16,800 ರೂ. ನುಂಗುತ್ತದೆ. ವರ್ಷವರ್ಷದ ವಿಮೆ, ಸರ್ವಿಸ್, ಬ್ಯಾಟರಿ, ಟೈರು ಇದರಲ್ಲಿ ಸೇರಿಲ್ಲ. ತಿಂಗಳಿಗೆ 400 ಕಿ.ಮೀ. ಓಡಿಸುವವರಿಗೆ, ಲೀಟರಿಗೆ 15 ಕಿ.ಮೀ. ಮತ್ತು 100 ರೂ. ಎಂದು ಹಿಡಿದರೆ, ಪೆಟ್ರೋಲ್ ಖರ್ಚು ಸುಮಾರು 2,700 ರೂ. ಮಾತ್ರ. ಮನೆಮನೆಯಲ್ಲೂ ಚರ್ಚೆಯಾಗುವುದು ಮಾತ್ರ ಈ ಸಣ್ಣ ಬಾಬತ್ತೇ.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದು ಬೆಲೆ ತಗ್ಗಿದ್ದು ನಿಜ. ಆದರೆ ಮೇಲಿನ ಲೆಕ್ಕದ ಸ್ವರೂಪವೇನೂ ಬದಲಾಗಿಲ್ಲ.

ಹಾಗೆಂದು ಕಾರೇ ಬೇಡ ಎನ್ನಲಾಗದು. ಬಸ್ಸಿಗೆ ಎರಡು ಮೈಲಿ ನಡೆಯಬೇಕಾದ ಮಲೆನಾಡಿನ ಒಂಟಿಮನೆಯವರಿಗೆ, ವಾರಕ್ಕೆರಡು ಬಾರಿ ಡಯಾಲಿಸಿಸ್‌ಗೆ ಹೋಗಬೇಕಾದವರಿಗೆ ಅದು ಅಗತ್ಯ. ಬೆಂಗಳೂರು, ಮೈಸೂರು, ಹುಬ್ಬಳ್ಳಿಯಂಥ ನಗರಗಳಲ್ಲಿರುವ ದಂಪತಿ ಮಾತ್ರ ಮೂರು ತಿಂಗಳ ಕಾಲ ಆಟೋ, ಟ್ಯಾಕ್ಸಿಗಳಲ್ಲೇ ಓಡಾಡಿ, ಪ್ರತಿ ಬಾಡಿಗೆಯನ್ನೂ ಬರೆದಿಟ್ಟು, ಆ ಮೊತ್ತವನ್ನು 16,800ರ ಪಕ್ಕದಲ್ಲಿಟ್ಟು ನೋಡುವುದು ಒಳಿತು.

ಹಳೆಯ ಕಾರು ಇರುವವರು

ಎಂಟು-ಹತ್ತು ವರ್ಷದ ಕಾರು ಸುಸ್ಥಿತಿಯಲ್ಲಿದ್ದರೆ ಅದನ್ನೇ ಉಳಿಸಿಕೊಳ್ಳುವುದು ಬಹುಪಾಲು ನಿವೃತ್ತರಿಗೆ ಲಾಭಕರ ಎಂಬುದು ಈ ಲೇಖಕನ ಅಭಿಪ್ರಾಯ. ಅದರ ಸವಕಳಿಯ ದೊಡ್ಡ ಭಾಗ ಆಗಲೇ ಮುಗಿದಿರುತ್ತದೆ. ಖಾಸಗಿ ವಾಹನದ ನೋಂದಣಿ 15 ವರ್ಷ ಚಾಲ್ತಿಯಲ್ಲಿರುತ್ತದೆ; ಆಮೇಲೆ ಸಾಮರ್ಥ್ಯ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬಹುದು. 2022ರ ಏಪ್ರಿಲ್ 1ರಿಂದ ಈ ನವೀಕರಣದ ಶುಲ್ಕ ಕಾರಿಗೆ 5,000 ರೂ., ದ್ವಿಚಕ್ರ ವಾಹನಕ್ಕೆ 1,000 ರೂ. ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ಮೀರಿದ ವಾಹನಗಳಿಗೆ ಇದನ್ನು ಇಮ್ಮಡಿಗೊಳಿಸಲಾಯಿತು.

ವಾಹನಕ್ಕಿಂತ ಮೊದಲು ಚಾಲಕನ ಅವಧಿ ಮುಗಿಯುವ ಸಂಭವವೂ ಉಂಟು. 2019ರ ತಿದ್ದುಪಡಿಯ ಪ್ರಕಾರ 55 ದಾಟಿದವರಿಗೆ ಚಾಲನಾ ಪರವಾನಗಿ ಐದು ವರ್ಷಕ್ಕಷ್ಟೇ ದೊರೆಯುತ್ತದೆ. ಪ್ರತಿ ನವೀಕರಣಕ್ಕೂ ವೈದ್ಯಕೀಯ ಪ್ರಮಾಣಪತ್ರ ಬೇಕು. ಅವಧಿ ಮುಗಿದು ಒಂದು ವರ್ಷ ಕಳೆದರೆ ಮತ್ತೆ ಚಾಲನಾ ಪರೀಕ್ಷೆ ಎದುರಿಸಬೇಕು. ಅರವತ್ತೈದರಲ್ಲಿ ಕೊಂಡ ಹೊಸ ಕಾರಿನ ನೋಂದಣಿ ಮುಗಿಯುವಾಗ ಮಾಲೀಕನಿಗೆ ಎಂಬತ್ತಾಗಿರುತ್ತದೆ. ಕಣ್ಣಿನ ಪೊರೆ, ಮಂಡಿನೋವು ಕಾಣಿಸಿಕೊಂಡ ಮೇಲೆ ಆಕ್ಟಿಂಗ್ ಡ್ರೈವರ್ ಸಂಬಳವೂ ಬಜೆಟ್ಟಿಗೆ ಸೇರುತ್ತದೆ.

ಪ್ರವಾಸದ ಹಣ

ನಿವೃತ್ತರ ಪ್ರಯಾಣದಲ್ಲಿ ಎರಡು ಬಗೆ. ಮದುವೆ, ಗೃಹಪ್ರವೇಶ, ತಿಥಿ, ಮಗಳ ಬಾಣಂತನ ಎಂದು ಹೋಗಲೇಬೇಕಾದ ಓಡಾಟ ಒಂದು. ಕಾಶಿ, ಬದರಿ, ಹಂಪಿ ಎಂದು ಬಯಸಿ ಹೋಗುವುದು ಇನ್ನೊಂದು. ಮೊದಲನೆಯದನ್ನು ಪಿಂಚಣಿಯಿಂದಲೂ ಎರಡನೆಯದನ್ನು ಪ್ರತ್ಯೇಕ ಠೇವಣಿಯ ಬಡ್ಡಿಯಿಂದಲೂ ನಿಭಾಯಿಸಿದರೆ ಗೊಂದಲವಿಲ್ಲ. ಆದರೆ ಆ ಠೇವಣಿಯನ್ನು ಸಮವಾಗಿ ಇಪ್ಪತ್ತು ವರ್ಷಕ್ಕೆ ಹಂಚುವುದು ಜಾಣತನವಲ್ಲ. ಮೆಟ್ಟಿಲು ಹತ್ತುವ ಕಾಲುಗಳಿರುವ ಮೊದಲ ಹತ್ತು ವರ್ಷಕ್ಕೆ ಹೆಚ್ಚು ಪಾಲು ಸಲ್ಲಬೇಕು. ಅಸಲನ್ನೂ ಸ್ವಲ್ಪ ಮುಟ್ಟಿದರೆ ತಪ್ಪಿಲ್ಲ.

ಹಳೆಯ ನೆನಪಿನಲ್ಲಿ ರೈಲು ಖರ್ಚು ಅಂದಾಜಿಸುವವರು ಮೋಸಹೋಗುತ್ತಾರೆ. 60 ತುಂಬಿದ ಪುರುಷರಿಗೆ ಶೇ. 40, 58 ತುಂಬಿದ ಮಹಿಳೆಯರಿಗೆ ಶೇ. 50ರಷ್ಟಿದ್ದ ರಿಯಾಯಿತಿಯನ್ನು 2020ರ ಮಾರ್ಚ್‌ನಲ್ಲಿ ಕೋವಿಡ್ ಕಾರಣಕ್ಕೆ ರೈಲ್ವೆ ನಿಲ್ಲಿಸಿತು. ಮೂಲ ದರ ತಲಾ 2,000 ರೂ. ಇದ್ದಲ್ಲಿ ಆಗ ದಂಪತಿಗೆ 2,200 ರೂ. ಸಾಕಾಗುತ್ತಿತ್ತು; ರಿಯಾಯಿತಿ ಇಲ್ಲದಿದ್ದರೆ 4,000 ರೂ. ಕೆಳಗಿನ ಬರ್ತ್‌ನ ಕೋಟಾ ಮಾತ್ರ ಉಳಿದಿದೆ. ಟಿಕೆಟ್ ಕಾದಿರಿಸುವಾಗ ಅದನ್ನು ಕೇಳಲು ಮರೆಯಬಾರದು.

ರಾಜ್ಯದ ಬಸ್ಸುಗಳಲ್ಲಿ ಸ್ಥಿತಿ ಮೇಲು. 60 ದಾಟಿದವರಿಗೆ ವಯಸ್ಸಿನ ದಾಖಲೆ ತೋರಿಸಿದರೆ ಸಾಮಾನ್ಯ, ವೇಗದೂತ ಬಸ್ಸುಗಳಲ್ಲಿ ಶೇ. 25 ರಿಯಾಯಿತಿ ಉಂಟು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರಿಗೆ ಐಷಾರಾಮಿಯಲ್ಲದ ಬಸ್ಸುಗಳಲ್ಲಿ ಪ್ರಯಾಣ ಉಚಿತ. ರಾಜಹಂಸ, ಸ್ಲೀಪರ್, ಎ.ಸಿ. ಬಸ್ಸುಗಳು ಇದಕ್ಕೆ ಸೇರುವುದಿಲ್ಲ. ಯಜಮಾನರು ಚಿಲ್ಲರೆ ಎಣಿಸುವಾಗ ಮನೆಯಾಕೆ ಶೂನ್ಯ ದರದ ಚೀಟಿ ಹಿಡಿದು ಕಿಟಕಿ ಪಕ್ಕ ಕುಳಿತಿರುವುದು ಈಗ ಸಾಮಾನ್ಯ ದೃಶ್ಯ.

ವಾಹನ ಯಾರ ಹೆಸರಿನಲ್ಲಿ?

ಇದನ್ನು ಮಾತನಾಡಲು ಎಲ್ಲರೂ ಹಿಂಜರಿಯುತ್ತಾರೆ. ಪತಿಯ ಹೆಸರಿನ ಕಾರು, ಚಾಲನೆ ಬಾರದ ಪತ್ನಿ, ಹೊರದೇಶದಲ್ಲಿರುವ ಮಗ. ಇಂಥ ಮನೆಗಳಲ್ಲಿ ಮಾಲೀಕ ತೀರಿಕೊಂಡರೆ ಕಾರನ್ನು ಮಾರಲೂ ಆಗದೆ ಬಳಸಲೂ ಆಗದೆ ವರ್ಷಗಟ್ಟಲೆ ನಿಲ್ಲಿಸಿಬಿಡುತ್ತಾರೆ. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿಯಾಗಿ, ನೋಂದಣಿ ಪತ್ರದಲ್ಲಿ ನಾಮಿನಿಯ ಹೆಸರು ಸೇರಿಸಲು ಅವಕಾಶ ದೊರೆತಿದೆ. ಕಾರು ಮೊದಲೇ ಕೊಂಡಿದ್ದರೂ ಈಗ ಸೇರಿಸಬಹುದು. ಮಾಲೀಕರ ಮರಣದ 30 ದಿನಗಳೊಳಗೆ ನಾಮಿನಿಯು ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ನಮೂನೆ 31ರಲ್ಲಿ ಅರ್ಜಿ ಸಲ್ಲಿಸಿದರೆ ವಾಹನ ಅವರ ಹೆಸರಿಗೆ ವರ್ಗವಾಗುತ್ತದೆ. ವಿಮಾ ಪತ್ರದಲ್ಲಿಯೂ ಹೆಸರು ಬದಲಾಯಿಸಿಕೊಳ್ಳಬೇಕು.