ಆಡಿನ ಕಣ್ಣುಗಳು

ಕೃಷ್ಣದೇವರಾಯನು ಪಟ್ಟವೇರಿದ ವಿಚಾರವಾಗಿ ಒಂದು ಕಥೆಯು ಬಹು ಪ್ರಸಿದ್ಧವಾಗಿದೆ. ಅಣ್ಣನಾದ ವೀರನರಸಿಂಹರಾಯನು ಮರಣಶಯ್ಯೆಯಲ್ಲಿದ್ದಾಗ, ಎಂಟು ವರುಷದ ತನ್ನ ಮಗನಿಗೇ ಸಿಂಹಾಸನವು ಉಳಿಯಲೆಂದು ಮಂತ್ರಿ ಸಾಳುವ ತಿಮ್ಮರಸನನ್ನು ಕರೆಯಿಸಿ, ತಮ್ಮನ ಕಣ್ಣುಗಳನ್ನು ಕೀಳಿಸಿ ತಂದು ತೋರಿಸಬೇಕೆಂದು ಆಜ್ಞಾಪಿಸಿದನಂತೆ. ತಿಮ್ಮರಸನು ಕೃಷ್ಣರಾಯನನ್ನು ಕುದುರೆಲಾಯಕ್ಕೆ ಕರೆದೊಯ್ದು ಸಂಗತಿಯನ್ನು ತಿಳಿಸಲು, ಅವನು ತನಗೆ ರಾಜ್ಯದ ಆಸೆಯಿಲ್ಲವೆಂದೂ ಜೋಗಿಯಾಗಿ ಬಾಳುವೆನೆಂದೂ ಹೇಳಿದನಂತೆ. ಮಂತ್ರಿಯ ಮನಸ್ಸು ಕರಗಿತು. ಒಂದು ಆಡಿನ ಕಣ್ಣುಗಳನ್ನು ತೆಗೆಯಿಸಿ ದೊರೆಗೆ ತೋರಿಸಿದನು. ದೊರೆಯು ತೀರಿಕೊಂಡೊಡನೆ ಕೃಷ್ಣರಾಯನಿಗೆ ಪಟ್ಟವಾಯಿತು.

ಈ ವೃತ್ತಾಂತವು ಪೋರ್ತುಗೀಜನಾದ ಫೆರ್ನಾವೊ ನೂನಿಜನ ಬರವಣಿಗೆಯಲ್ಲಿದೆ. ಅವನು ವಿಜಯನಗರದಲ್ಲಿದ್ದುದು ಸುಮಾರು 1535ರಿಂದ 1537ರ ವರೆಗೆ. ಕುದುರೆಯ ವ್ಯಾಪಾರಿಯೆಂದು ವಿದ್ವಾಂಸರು ಊಹಿಸಿದ್ದಾರೆ. 1897ರಲ್ಲಿ ಡೇವಿಡ್ ಲೋಪೆಸರು ಮೂಲವನ್ನು ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದರು. 1900ರಲ್ಲಿ ರಾಬರ್ಟ್ ಸೂಯೆಲರು ಅದನ್ನು ಇಂಗ್ಲಿಷಿಗೆ ತಂದರು. ಅಲ್ಲಿಂದ ಆಡಿನ ಕಣ್ಣುಗಳು ಪಾಠಪುಸ್ತಕ, ನಾಟಕ, ಚಲಚಿತ್ರಗಳಿಗೆಲ್ಲ ಇಳಿದುಬಂದವು.

ವೀರನರಸಿಂಹನು ಗತಿಸಿದುದು 1509ರಲ್ಲಿ. ನೂನಿಜನು ಕಥೆಯನ್ನು ಕೇಳಿದುದು ಕಾಲು ಶತಮಾನವು ಕಳೆದ ಮೇಲೆ. ಲಾಯದೊಳಗಿನ ಆ ಸಂಭಾಷಣೆಯನ್ನು ಬಲ್ಲವರು ಇಬ್ಬರೇ: ಕೃಷ್ಣರಾಯನು 1529ರಲ್ಲಿ ಮಡಿದಿದ್ದನು, ತಿಮ್ಮರಸನು, ನೂನಿಜನ ಹೇಳಿಕೆಯಂತೆಯೇ, ಸೆರೆಮನೆಗೆ ಸೇರಿದ್ದನು. ಹಾಗಾದರೆ ಕುದುರೆ ಮಾರಲು ಬಂದ ಪರದೇಶದವನಿಗೆ ಇದನ್ನು ಹೇಳಿದವರು ಯಾರು? ಆಗ ಆಳುತ್ತಿದ್ದವನು ಅಚ್ಯುತರಾಯ. ಕೃಷ್ಣರಾಯನು ಪಟ್ಟವೇರಿದೊಡನೆ ತಮ್ಮಂದಿರನ್ನೂ ಅಣ್ಣನ ಮಗನನ್ನೂ ಚಂದ್ರಗಿರಿಯ ಕೋಟೆಗೆ ಕಳುಹಿಸಿ ಕಾವಲಿನಲ್ಲಿಟ್ಟಿದ್ದನು. ಆ ತಮ್ಮಂದಿರಲ್ಲಿ ಅಚ್ಯುತನೂ ಒಬ್ಬನು. ಅಂಥ ಆಸ್ಥಾನದ ಸುತ್ತಮುತ್ತ ಹಿಂದಿನ ಪಟ್ಟದ ಕಥೆಗಳು ಹಲವು ಬಾಯಿಗಳಲ್ಲಿ ಹಲವು ಬಗೆಯಾಗಿ ಬೆಳೆದಿದ್ದರೆ ಸೋಜಿಗವಿಲ್ಲ. ಅಚ್ಯುತನನ್ನೂ ನೂನಿಜನು ಕಟುವಾಗಿ ನಿಂದಿಸಿರುವುದರಿಂದ, ಅವನ ಕಿವಿಗೆ ಬಿದ್ದುದು ಅರಮನೆಯ ಮಾತಿಗಿಂತ ಅತೃಪ್ತರ ಮಾತೇ ಇದ್ದೀತು.

ಕಥೆಯ ಅಚ್ಚಿನಲ್ಲಿಯೂ ಸಂಶಯಕ್ಕೆ ಎಡೆಯಿದೆ. ಕೊಲ್ಲಹೋದವನ ಮನಸ್ಸು ಕರಗಿ ಮೃಗದ ನೆತ್ತರನ್ನೋ ಕಣ್ಣನ್ನೋ ಗುರುತಾಗಿ ತಂದೊಪ್ಪಿಸುವುದು ಅಜ್ಜಿಯರ ಕಥೆಗಳಲ್ಲಿ ಹಳೆಯ ಸಂಗತಿ. ಭೋಜಪ್ರಬಂಧದಲ್ಲಿ ಧಾರಾನಗರದ ಮುಂಜನು ಬಾಲಕನಾದ ಭೋಜನನ್ನು ಕೊಲ್ಲಿಸಲು ವತ್ಸರಾಜನನ್ನು ನೇಮಿಸುತ್ತಾನೆ. ವತ್ಸರಾಜನು ಹುಡುಗನನ್ನು ಅಡಗಿಸಿ ಕೃತಕವಾದ ತಲೆಯೊಂದನ್ನು ತೋರಿಸುತ್ತಾನೆ. ಮುಂಜನು ಪಶ್ಚಾತ್ತಾಪಪಟ್ಟು ಭೋಜನಿಗೆ ರಾಜ್ಯವನ್ನೊಪ್ಪಿಸುತ್ತಾನೆ. ಚರಿತ್ರೆಯೇ ಬೇರೆ. ಮುಂಜನು ಕರ್ಣಾಟಕದ ಚಾಲುಕ್ಯ ತೈಲಪನ ಕೈಯಲ್ಲಿ ಹತನಾದನು. ಅವನ ತರುವಾಯ ಆಳಿದವನು ಭೋಜನ ತಂದೆಯಾದ ಸಿಂಧುರಾಜನೆಂಬುದು ಆ ಸಿಂಧುರಾಜನ ಆಸ್ಥಾನಕವಿ ಪದ್ಮಗುಪ್ತನ ನವಸಾಹಸಾಂಕಚರಿತದಿಂದಲೇ ಸ್ಪಷ್ಟವಾಗುತ್ತದೆ. ಮಹಾರಾಜನೊಬ್ಬನ ಬಾಲ್ಯಕ್ಕೆ ಇಂಥದೊಂದು ಗಂಡಾಂತರವನ್ನು ಜೋಡಿಸುವುದು ನಮ್ಮ ದೇಶದ ಕಥೆಗಾರರಿಗೆ ರೂಢಿಯೆಂದು ತೋರುತ್ತದೆ.

ಇಷ್ಟರಿಂದ ನೂನಿಜನ ಬರವಣಿಗೆಯೆಲ್ಲ ಹುಸಿಯೆಂದು ಬದಿಗೊತ್ತುವುದು ಅನ್ಯಾಯವಾದೀತು. ವಿಜಯನಗರದ ಉತ್ಪತ್ತಿಯನ್ನು ಹೇಳುವಲ್ಲಿ ಅವನು 1230ನೆಯ ವರುಷದಿಂದ ತೊಡಗಿ ನೂರು ವರುಷದಷ್ಟು ತಪ್ಪಿದ್ದಾನೆ, ನಿಜ. ಆದರೆ 1520ರ ರಾಯಚೂರು ಯುದ್ಧದ ವರ್ಣನೆಯಲ್ಲಿ ದಂಡಿನ ನಡೆ, ಪಾಳೆಯದ ಬೀದಿ, ಅಂಗಡಿಸಾಲು, ಕೋಟೆಯ ಮುತ್ತಿಗೆ, ಇವೆಲ್ಲ ಕಣ್ಣಾರೆ ಕಂಡವರ ಬಾಯಿಂದ ಬಂದಂತಿವೆ. ಏಳು ಲಕ್ಷಕ್ಕೂ ಮೀರಿದ ಕಾಲಾಳುಗಳ ಲೆಕ್ಕವನ್ನು ಮಾತ್ರ ಯಾರೂ ಕಣ್ಣುಮುಚ್ಚಿ ನಂಬಲಾರರು.

ತಿಮ್ಮರಸನ ಕೊನೆಯ ವಿಷಯವನ್ನೂ ಹೀಗೆಯೇ ತೂಗಬೇಕು. ಪಟ್ಟಗಟ್ಟಿದ ಎಳೆಯ ಮಗನು ತೀರಿಕೊಂಡನೆಂದೂ, ವಿಷವಿಕ್ಕಿದವನು ತಿಮ್ಮರಸನ ಮಗನೆಂಬ ಸಂಶಯದಿಂದ ರಾಯನು ಆ ಮನೆತನವನ್ನು ಸೆರೆಯಲ್ಲಿಟ್ಟು, ಕೊನೆಗೆ ಮಂತ್ರಿಯ ಕಣ್ಣುಗಳನ್ನೇ ಕೀಳಿಸಿದನೆಂದೂ ನೂನಿಜನು ಬರೆದಿದ್ದಾನೆ. ಇಲ್ಲಿ ಸ್ವಲ್ಪ ಆಧಾರವುಂಟು: ತಿರುಮಲನೆಂಬ ಆ ರಾಜಕುಮಾರನ ಹೆಸರು 1524ರ ಶಾಸನಗಳಲ್ಲಿ ದೊರೆತಿದೆ. ಬಾಲಕನು ಇದ್ದುದು ದಿಟ, ಮಂತ್ರಿಯು ಪದಚ್ಯುತನಾದುದೂ ಸಂಭವನೀಯ. ಆದರೆ ಕಣ್ಣುಗಳನ್ನು ಉಳಿಸಿದವನೇ ಕಣ್ಣುಗಳನ್ನು ಕಳೆದುಕೊಂಡನೆಂಬ ಸರಿಜೋಡಿ ಎಷ್ಟು ಅಚ್ಚುಕಟ್ಟಾಗಿದೆಯೆಂದರೆ, ಎರಡನೆಯದಕ್ಕೆ ಒಪ್ಪುವಂತೆ ಮೊದಲನೆಯದನ್ನು ಯಾರೋ ಕಟ್ಟಿದರೇನೋ ಎನಿಸುತ್ತದೆ. ಶಾಸನಗಳು ಈ ವಿಷಯದಲ್ಲಿ ಮೌನವಾಗಿವೆಯೆಂದು ವಾದಿಸುವುದರಿಂದ ಪ್ರಯೋಜನವಿಲ್ಲ. ದಾನದತ್ತಿಯ ಕಲ್ಲುಗಳಲ್ಲಿ ಅರಮನೆಯ ಕ್ರೌರ್ಯವನ್ನು ಕೆತ್ತಿಸುವವರುಂಟೇ?

ಈ ವಿಚಾರಣೆಯಿಂದ ಕೃಷ್ಣರಾಯನ ಕೀರ್ತಿಗೆ ಕುಂದೇನೂ ಇಲ್ಲ. ನಷ್ಟವಾಗಿರುವುದು ಅಣ್ಣನಿಗೆ. ವೀರನರಸಿಂಹನು 1505ರಿಂದ ನಾಲ್ಕೇ ವರುಷ ಆಳಿದನು. ಆದವಾನಿ ಉಮ್ಮತ್ತೂರುಗಳ ಪಾಳೆಯಗಾರರು ತಿರುಗಿಬಿದ್ದ ಆ ಕಾಲದಲ್ಲಿ ದಂಡು ಕಟ್ಟಿಕೊಂಡು ಹೆಣಗಿ, ರಾಜ್ಯವನ್ನು ಒಡೆಯಗೊಡದೆ ತಮ್ಮನಿಗೆ ಬಿಟ್ಟುಹೋದನು. ಇಂದು ಅವನ ಹೆಸರೆತ್ತಿದರೆ ಹೆಚ್ಚಿನವರಿಗೆ ತಿಳಿದಿರುವುದು ತಮ್ಮನ ಕಣ್ಣು ಕೀಳಿಸಹೋದನೆಂಬ ಈ ಒಂದು ಮಾತು ಮಾತ್ರ.