ಹೆಸರಿರುವ ಮುಖ

ನನ್ನ ಕೆಲಸದ ಮೇಜಿನ ಎದುರು ಗೋಡೆಗೆ ಎರಡು ಅಚ್ಚುಚಿತ್ರಗಳ ನಕಲು ಅಂಟಿಸಿಕೊಂಡಿದ್ದೇನೆ. ಒಂದು ರೆಂಬ್ರಾಂಟ್ 1636ರಲ್ಲಿ ಮಾಡಿದ ಎಚಿಂಗ್. ಇನ್ನೊಂದು 1642ರಲ್ಲಿ ಸಾಲೋಮ್ ಇಟಾಲಿಯಾ ಎಂಬ ಯಹೂದಿ ಕೆತ್ತಿದ್ದು. ಎರಡರಲ್ಲೂ ಇರುವವರು ಆಮ್‌ಸ್ಟರ್‌ಡ್ಯಾಮಿನ ರಬ್ಬಿ ಮೆನಾಸ್ಸೆ ಬೆನ್ ಇಸ್ರೇಲ್ ಎಂದೇ ಬಹುಕಾಲ ನಂಬಿದ್ದರು. ಪಕ್ಕಪಕ್ಕ ಇಟ್ಟು ನೋಡಿ, ಒಂದಕ್ಕೊಂದು ಹೋಲುವುದಿಲ್ಲ. ರೆಂಬ್ರಾಂಟನ ಹಾಳೆಯಲ್ಲಿ ಅವನ ಸಹಿಯಿದೆ, ಕೂತವರ ಹೆಸರಿಲ್ಲ. ಸಾಲೋಮನದರಲ್ಲಿ ಹೆಸರು, ಇಸವಿ, ಮೂವತ್ತೆಂಟು ಎಂಬ ವಯಸ್ಸು ಎಲ್ಲವೂ ಇವೆ.

ಸಾಲೋಮ್ ಇಟಲಿಯ ಮಾಂಟುವಾದವನು. 1630ರಲ್ಲಿ ಅಲ್ಲಿನ ಯಹೂದಿಗಳನ್ನು ಊರು ಬಿಡಿಸಿದಾಗ ಇನ್ನೂ ಹುಡುಗ. ಆಮ್‌ಸ್ಟರ್‌ಡ್ಯಾಮಿಗೆ ಬಂದು, ಪೂರಿಮ್ ಹಬ್ಬದಲ್ಲಿ ಓದುವ ಎಸ್ತರಳ ಕಥೆಯ ಚರ್ಮದ ಸುರುಳಿಗಳಿಗೆ ಕಮಾನು, ಹೂಬಳ್ಳಿಗಳ ಅಂಚು ಅಚ್ಚುಹಾಕಿದ. ಮೆನಾಸ್ಸೆ ಅವರಿಗೂ ಅಚ್ಚಿನ ಮಸಿ ಹೊಸದಲ್ಲ. ಆ ಊರಿನ ಮೊದಲ ಹೀಬ್ರೂ ಮುದ್ರಣಾಲಯ ಅವರದು, 1627ರಲ್ಲಿ ಅಲ್ಲಿಂದ ಮೊದಲ ಪುಸ್ತಕ ಬಂತು. ಸಾಲೋಮನ ಚಿತ್ರದಲ್ಲಿ ಅವರಿಗೆ ಅಗಲ ಅಂಚಿನ ಟೋಪಿ, ಬಿಳಿ ಕಾಲರು. ನೋಡಿದರೆ ಡಚ್ ವರ್ತಕನೇ ಅನ್ನಿಸಬೇಕು.

ಇಪ್ಪತ್ತು ವರ್ಷದಿಂದ ತಾಮ್ರದ ಮೇಲೆ ಕೆಲಸ ಮಾಡುತ್ತಿರುವ ನನ್ನ ಕಣ್ಣು ಮಾತ್ರ ಮೊದಲು ಹೋಗುವುದು ಅಕ್ಷರಗಳ ಕಡೆಗೆ. ಎಚಿಂಗಿನಲ್ಲಿ ಮೇಣದ ಲೇಪದ ಮೇಲೆ ಸೂಜಿ ಹಗುರಾಗಿ ಓಡುತ್ತದೆ, ಉಳಿದದ್ದನ್ನು ಆಸಿಡ್ ನೋಡಿಕೊಳ್ಳುತ್ತದೆ. ಸಾಲೋಮನಂಥ ಕೆತ್ತನೆಯಲ್ಲಿ ಉಳಿಯಿಂದ ತಾಮ್ರವನ್ನೇ ಸೀಳಬೇಕು. ಅಚ್ಚಾದಾಗ ಎಲ್ಲವೂ ತಿರುಗಿ ಬರುವುದರಿಂದ ಲ್ಯಾಟಿನನ್ನು ಬಲದಿಂದ ಎಡಕ್ಕೆ ಕೆತ್ತಬೇಕು, ಹೀಬ್ರೂವನ್ನು ಎಡದಿಂದ ಬಲಕ್ಕೆ. ಸಾಲೋಮ್ ಒಂದೇ ತಗಡಿನಲ್ಲಿ ಎರಡನ್ನೂ ಕೆತ್ತಿದ್ದಾನೆ. ನಮ್ಮ ಒತ್ತಕ್ಷರವೊಂದನ್ನು ತಿರುಗಿಸಿ ಕೆತ್ತಿದವರಿಗೆ ಆ ಕಷ್ಟ ಗೊತ್ತು.

1655ರಲ್ಲಿ ಮೆನಾಸ್ಸೆ ಅವರ ಪುಸ್ತಕವೊಂದಕ್ಕೆ ರೆಂಬ್ರಾಂಟ್ ನಾಲ್ಕು ಎಚಿಂಗ್ ಮಾಡಿಕೊಟ್ಟ. ಬೈಬಲಿನ ದಾನಿಯೇಲನ ದರ್ಶನದಲ್ಲಿ ದೇವರನ್ನು ಮನುಷ್ಯನಂತೆ ಕೂರಿಸಿದ. ಯಹೂದಿಗಳಿಗೆ ಅದು ಸಲ್ಲದು. ಮುಂದಿನ ಪ್ರತಿಗಳಲ್ಲಿ ಬೇರೆ ಚಿತ್ರಗಳು ಬಂದವು, ದೇವರ ಆಕೃತಿ ಹೋಯಿತು. ಅವು ಸಾಲೋಮನ ಕೈಯವು ಎನ್ನುತ್ತಾರೆ.

ಅದೇ ವರ್ಷ ಮೆನಾಸ್ಸೆ ಲಂಡನ್ನಿಗೆ ಹೋದರು. 1290ರಲ್ಲಿ ಇಂಗ್ಲೆಂಡ್ ಹೊರಗಟ್ಟಿದ್ದ ಯಹೂದಿಗಳನ್ನು ಮತ್ತೆ ಒಳಗೆ ಬಿಡಿ ಎಂದು ಆಗ ಅಲ್ಲಿ ಆಳುತ್ತಿದ್ದ ಕ್ರಾಮ್‌ವೆಲ್‌ನನ್ನು ಕೇಳಲು. ಮಗ ಸಾಮ್ಯುಯೆಲ್ ಅಲ್ಲೇ ತೀರಿಕೊಂಡ. 1657ರಲ್ಲಿ ಮಗನ ಶವದೊಂದಿಗೆ ಮರಳಿದ ತಂದೆ ಮಿಡಲ್‌ಬರ್ಗ್‌ನಲ್ಲಿ ಕೊನೆಯುಸಿರೆಳೆದರು.

ಗೆರೆಯ ಜೀವ ನೋಡುವುದಾದರೆ ರೆಂಬ್ರಾಂಟನಿಗೇ ಕೈಮುಗಿಯುತ್ತೇನೆ. ಆದರೆ ಮೆನಾಸ್ಸೆ ಅವರ ಮುಖ ನೋಡಬೇಕೆಂದವರು ಸಾಲೋಮನ ಹಾಳೆಯನ್ನೇ ಹುಡುಕಿಕೊಂಡು ಹೋಗಬೇಕು.