ಹೊಳಿ ದಾಟಿದವರು, ಹೈಕೋರ್ಟಿಗೆ ಹೋದವರು

ನಮ್ಮೂರು ಮುನಿರಾಬಾದ್ ಅಂದರೆ ಎಲ್ಲರಿಗೂ ನೆನಪಾಗೋದು ತುಂಗಭದ್ರಾ ಡ್ಯಾಮ್. ನನಗೆ ಮೊದಲು ನೆನಪಾಗೋದು ನಮ್ಮಜ್ಜಿ ಹೊಳಿ ದಾಟಿದ ಕಥೆ.

1947ರ ಆಗಸ್ಟ್ 15ಕ್ಕೆ ದೇಶಕ್ಕೆ ಸ್ವಾತಂತ್ರ್ಯ ಬಂತು, ನಮಗೆ ಬರಲಿಲ್ಲ. ಹೊಳೆಯ ಈ ಕಡೆ ನಿಜಾಮನ ರಾಜ್ಯ, ಆ ಕಡೆ ಹೊಸಪೇಟೆ ಮದ್ರಾಸ್ ಪ್ರಾಂತ್ಯ. ಹದಿಮೂರು ತಿಂಗಳು ಹೊಳೆಯೇ ಗಡಿ! ರಜಾಕಾರರ ಹಾವಳಿ ಹೆಚ್ಚಾದಾಗ ಗಂಟುಮೂಟೆ ಕಟ್ಟಿ ಆಚೆ ದಡಕ್ಕೆ ಹೋದವರಲ್ಲಿ ಅಜ್ಜಿಯೂ ಒಬ್ಬಳು. "ರೊಟ್ಟಿ ಗಂಟು ಒಂದ ಇತ್ತು ನೋಡಪ್ಪಾ" ಅನ್ನೋಳು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ, ಇವರು ತಿರುಗಿ ಬಂದರು. 1950ರ ಜನವರಿ 26ಕ್ಕೆ ಸಂವಿಧಾನ ಜಾರಿಯಾಗಿ ಅಜ್ಜಿ ಭಾರತದ ಪ್ರಜೆಯಾದಳು. ಅರ್ಜಿ ಇಲ್ಲ, ಕೋರ್ಟಂತೂ ಇಲ್ಲವೇ ಇಲ್ಲ.

ಅದೇ ತಾರೀಖು 1955ರ ಪೌರತ್ವ ಕಾಯ್ದೆಯ 3ನೇ ಕಲಮಿನಲ್ಲೂ ಇದೆ. 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾವ ದೇಶದವರೇ ಆಗಿರಲಿ, ಹುಟ್ಟಿನಿಂದಲೇ ಪ್ರಜೆಗಳು. (ರಾಜತಾಂತ್ರಿಕರ ಮಕ್ಕಳಂಥ ಕೆಲವರನ್ನು ಬಿಟ್ಟು.) ಇಷ್ಟು ಸ್ಪಷ್ಟವಾಗಿದ್ದರೂ ಇಲ್ಲೇ ಹುಟ್ಟಿದ ಟಿಬೆಟನ್ನರನ್ನು ವಿದೇಶಿಯರೆಂದೇ ನೋಂದಾಯಿಸುತ್ತಿದ್ದರು. ನಮ್ಮಲ್ಲಿ ನಿರಾಶ್ರಿತರಿಗಾಗಿ ಪ್ರತ್ಯೇಕ ಕಾಯ್ದೆಯೇ ಇಲ್ಲ. ಕಚೇರಿಯವರು ಆಗಲ್ಲ ಅಂದರೆ ಉಳಿಯೋದು ಹೈಕೋರ್ಟಿನ ರಿಟ್ ಅರ್ಜಿ.

1986ರಲ್ಲಿ ಕಾಂಗ್ರಾದಲ್ಲಿ ಹುಟ್ಟಿದ ನಮಗ್ಯಾಲ್ ಡೋಲ್ಕರ್ 2008ರಲ್ಲಿ ಪಾಸ್‌ಪೋರ್ಟ್ ಕೇಳಿದರು, ಸಿಗಲಿಲ್ಲ. 2010ರ ಡಿಸೆಂಬರ್ 22ರಂದು ದೆಹಲಿ ಹೈಕೋರ್ಟ್ ಅವರು ಪ್ರಜೆಯೆಂದಿತು. ಮುಗೀತಲ್ಲ ಅಂದುಕೊಂಡಿರಾ? 1985ರಲ್ಲಿ ಹುಟ್ಟಿದ ಲಿಂಗ್ ರಿಂಪೋಚೆಯವರು ಅದೇ ಪ್ರಶ್ನೆ ಹಿಡಿದು ನಮ್ಮ ಕರ್ನಾಟಕ ಹೈಕೋರ್ಟಿಗೆ ಹೋಗಬೇಕಾಯ್ತು. 2013ರ ಆಗಸ್ಟ್ 7ಕ್ಕೆ ಅದೇ ಉತ್ತರ ಬಂತು. ಆಮೇಲೂ ಬೇರೆಯವರ ಅರ್ಜಿಗಳು ನಿಂತೇ ಇದ್ದವು. 2016ರ ಸೆಪ್ಟೆಂಬರಿನಲ್ಲಿ ದೆಹಲಿ ಹೈಕೋರ್ಟ್ ಮತ್ತೆ ಅದನ್ನೇ ಹೇಳಿದ ಮೇಲೆ, 2017ರಲ್ಲಿ ಎಲ್ಲ ಪಾಸ್‌ಪೋರ್ಟ್ ಕಚೇರಿಗಳಿಗೆ ಆದೇಶ ಹೋಯ್ತು. ಬೆನ್ನಿಗೇ ಶರತ್ತುಗಳೂ ಬಂದವು: ಟಿಬೆಟನ್ ವಸತಿ ಬಿಡಬೇಕು, ನೋಂದಣಿ ಪತ್ರ ಒಪ್ಪಿಸಬೇಕು.

ಕೋರ್ಟುಗಳಲ್ಲಿ ತಡ ಅಂತ ನಾವೆಲ್ಲ ಗೊಣಗುತ್ತೇವೆ. ಇಲ್ಲಿ ನನಗೆ ಕಾಣೋದು ಬೇರೆ. ಕೋರ್ಟು ಉತ್ತರ ಕೊಟ್ಟಿತ್ತು. ಒಬ್ಬರಿಗೆ ಕೊಟ್ಟ ಉತ್ತರವನ್ನು ಕಚೇರಿ ಮುಂದಿನವರಿಗೆ ಅನ್ವಯಿಸಲಿಲ್ಲ. ಪ್ರತಿಯೊಬ್ಬರೂ ಮೊದಲಿಂದ ವಕೀಲರನ್ನು ಹಿಡಿಯಬೇಕು, ತಾರೀಖಿಗೆ ಕಾಯಬೇಕು. ಖರ್ಚು ಮಾಡೋ ತಾಕತ್ತು ಇಲ್ಲದವರ ಗತಿ?

ನಮ್ಮೂರ ಡ್ಯಾಮಿನಿಂದ ಹೊರಡುವ ಎಡದಂಡೆ ಕಾಲುವೆ ಸಿಂಧನೂರು ತಾಲೂಕಿಗೆ ಹೋಗುತ್ತೆ. ಅಲ್ಲಿನ ಆರ್‌ಎಚ್ ಕ್ಯಾಂಪುಗಳಲ್ಲಿ ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಲಿ ಕುಟುಂಬಗಳು 1970ರ ದಶಕದಿಂದ ಇವೆ. ಅವರಲ್ಲಿ ಐವರಿಗೆ ಪೌರತ್ವ ಪತ್ರ ಸಿಕ್ಕಿದ್ದು 2024ರ ಆಗಸ್ಟಿನಲ್ಲಿ. ಅದಕ್ಕೆ ಆಧಾರವಾದ ತಿದ್ದುಪಡಿ 2019ರ ಡಿಸೆಂಬರಿನದು, ನಿಯಮ ಬಂದಿದ್ದು 2024ರ ಮಾರ್ಚಿನಲ್ಲಿ. ನಿಯಮ ಬರೆಯೋಕೇ ನಾಲ್ಕು ವರ್ಷದ ಮೇಲಾಯ್ತು!

ನಮ್ಮಜ್ಜಿ ಒಂದು ಹೊಳಿ ದಾಟಿದಳು, ಇವರು ಇನ್ನೊಂದು ಗಡಿ ದಾಟಿದರು. ಅವಳಿಗೆ ಒಂದೇ ದಿನದಲ್ಲಿ ಆದದ್ದು ಇವರಿಗೆ ಅರ್ಧ ಶತಮಾನ ಯಾಕೆ ಹಿಡಿಯಬೇಕಿತ್ತು? ನೀವೇನಂತೀರಿ?